ನಂಬಿಕೆಯ ಗುಳಿಗೆ

ಇಟಲಿಯ ಮಿಲಾನ್ ನಗರದಲ್ಲಿ ವಿಗೊರೆಲ್ಲಿ ಎಂಬ ಪ್ರಸಿದ್ಧವಾದ ಸೈಕಲ್ ಓಟದ ಕಣವೊಂದಿದೆ. ಮರದ ಹಲಗೆಗಳನ್ನು ಹಾಸಿ, ತಿರುವುಗಳಲ್ಲಿ ಗೋಡೆಯಂತೆ ಎತ್ತರಿಸಿ ಕಟ್ಟಿದ ಕಣ ಅದು. 1967ರ ಸೆಪ್ಟೆಂಬರ್ 27ರಂದು ಫ್ರಾನ್ಸಿನ ವೃತ್ತಿಪರ ಸೈಕಲ್ ಪಟು ಜಾಕ್ ಆಂಕೆತೀಲ್ ಅಲ್ಲಿ ಒಬ್ಬನೇ ಒಂದು ಗಂಟೆ ಕಾಲ ಸೈಕಲ್ ತುಳಿದನು. ಗಂಟೆ ಮುಗಿಯುವ ಹೊತ್ತಿಗೆ ಅವನು ಕ್ರಮಿಸಿದ್ದ ದೂರ 47 ಕಿಲೋಮೀಟರು 493 ಮೀಟರು. ಅದುವರೆಗೆ ಯಾರೂ ಅಷ್ಟು ದೂರ ಸಾಗಿರಲಿಲ್ಲ. ಆದರೂ ಆ ದಾಖಲೆ ಪುಸ್ತಕಕ್ಕೆ ಏರಲಿಲ್ಲ.

ಕಾರಣ ಇಷ್ಟೆ. ಓಟ ಮುಗಿದೊಡನೆ ವೈದ್ಯರು ಬಂದು ಮೂತ್ರದ ಮಾದರಿಯನ್ನು ಕೇಳಿದರು. ಕಣದಲ್ಲಿಯೇ ಕೊಡಲು ಆಂಕೆತೀಲ್ ಒಪ್ಪಲಿಲ್ಲ. ತಂಗಿದ್ದ ಹೋಟೆಲಿನಲ್ಲಿ ಕೊಡುವೆನೆಂದನು. ವೈದ್ಯರು ಅದಕ್ಕೆ ಸಮ್ಮತಿಸಲಿಲ್ಲ. ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆಯು ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಐದು ಬಾರಿ ‘ತೂರ್ ದ ಫ್ರಾನ್ಸ್’ ಗೆದ್ದ ವೀರನಿಗೂ ವಿನಾಯಿತಿ ದೊರೆಯಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 13ರಂದು, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಇದೇ ‘ತೂರ್’ ಪಂದ್ಯದಲ್ಲಿ ವಾಂತೂ ಬೆಟ್ಟವನ್ನು ಏರುವಾಗ ಸುಡುಬಿಸಿಲಿನಲ್ಲಿ ಕುಸಿದು ಪ್ರಾಣಬಿಟ್ಟಿದ್ದನು. ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಔಷಧವು ಕಂಡುಬಂದಿತು. ದಣಿವು ಎಂಬುದು ದೇಹವು ನೀಡುವ ಎಚ್ಚರಿಕೆ. ಆ ಎಚ್ಚರಿಕೆಯ ಬಾಯಿಯನ್ನು ಮದ್ದು ಮುಚ್ಚಿಸಿದರೆ, ಮನುಷ್ಯನು ಸಾವಿನ ಅಂಚನ್ನು ಮುಟ್ಟಿದರೂ ಅದರ ಅರಿವಾಗದು. ಇಪ್ಪತ್ತೊಂಬತ್ತರ ಹರೆಯದ ಸಿಂಪ್ಸನ್ನನ ಸಾವು ಕ್ರೀಡಾಲೋಕವನ್ನು ಬೆಚ್ಚಿಬೀಳಿಸಿತು. ವೇಗವೊಂದೇ ಸಾಲದು, ತನ್ನ ದೇಹವನ್ನು ಪರೀಕ್ಷೆಗೆ ಒಪ್ಪಿಸಲು ಸಿದ್ಧನಿರುವವನೇ ಸ್ಪರ್ಧಿಸಲು ಅರ್ಹನು ಎಂಬ ನಿಯಮವು ಕ್ರಮೇಣ ಎಲ್ಲ ಆಟಗಳಿಗೂ ವ್ಯಾಪಿಸಿತು. 1999ರಲ್ಲಿ ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಸ್ಥಾಪನೆಯಾಯಿತು. 2004ರಲ್ಲಿ ಅದರ ನಿಯಮಾವಳಿ ಜಾರಿಗೆ ಬಂದಿತು.

ಆ ನಿಯಮಾವಳಿಯ ತಿರುಳು ಒಂದೇ ವಾಕ್ಯದಲ್ಲಿದೆ: ದೇಹದೊಳಗೆ ಸಿಕ್ಕ ವಸ್ತುವಿಗೆ ದೇಹದ ಒಡೆಯನೇ ಹೊಣೆ. ತಿಳಿದು ನುಂಗಿದರೂ ತಪ್ಪು, ತಿಳಿಯದೆ ನುಂಗಿದರೂ ತಪ್ಪು. ಈ ವಾಕ್ಯದ ಭಾರ ಎಷ್ಟೆಂಬುದನ್ನು ಕನ್ನಡ ನಾಡು 2011ರಲ್ಲಿ ಕಂಡಿತು.

ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕ ಕುಟುಂಬದ ಮಗಳು ಅಶ್ವಿನಿ ಅಕ್ಕುಂಜಿ. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಓಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಕೆಯಿದ್ದರು. ಮರುತಿಂಗಳು ಚೀನದ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ ಎರಡರಲ್ಲಿಯೂ ಚಿನ್ನ ಬಂದಿತು. ಹರ್ಡಲ್ಸಿಗೆ ಆಕೆ ತೆಗೆದುಕೊಂಡ ಕಾಲ 56.15 ಸೆಕೆಂಡು. ನಾಡಿಗೆ ನಾಡೇ ಹೆಮ್ಮೆಪಟ್ಟಿತು.

ಎಂಟೇ ತಿಂಗಳಲ್ಲಿ ಆ ಸಂಭ್ರಮ ಕರಗಿತು. ಆಕೆಯ ಮೂತ್ರದ ಮಾದರಿಯಲ್ಲಿ ಮೆಥಾಂಡಿಯೆನೋನ್ ಎಂಬ ನಿಷಿದ್ಧ ಸ್ಟೀರಾಯ್ಡ್ ಪತ್ತೆಯಾಯಿತು. ಅದೇ ಶಿಬಿರದ ಇತರ ಓಟಗಾರ್ತಿಯರೂ ಸಿಕ್ಕಿಬಿದ್ದರು. ತಾವು ಮದ್ದು ನುಂಗಿಲ್ಲವೆಂದೂ, ವಿದೇಶೀ ತರಬೇತುದಾರ ಯೂರಿ ಒಗರೊದ್ನಿಕ್ ಚೀನದಿಂದ ತಂದುಕೊಟ್ಟ ಜಿನ್ಸೆಂಗ್ ಗುಳಿಗೆಗಳಲ್ಲಿಯೇ ಆ ವಸ್ತು ಬೆರೆತಿತ್ತೆಂದೂ ಅವರು ವಾದಿಸಿದರು. ತರಬೇತುದಾರನನ್ನು ಕೆಲಸದಿಂದ ತೆಗೆಯಲಾಯಿತು.

ಭಾರತದ ಶಿಸ್ತು ಸಮಿತಿಯು ಈ ವಾದಕ್ಕೆ ಕಿವಿಗೊಟ್ಟಿತು. ಗುರುವನ್ನು ನಂಬಿದ ಶಿಷ್ಯೆಯರ ದೋಷ ದೊಡ್ಡದಲ್ಲವೆಂದು ಬಗೆದು, 2011ರ ಡಿಸೆಂಬರಿನಲ್ಲಿ ಎರಡು ವರ್ಷದ ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಸುಮ್ಮನಿರಲಿಲ್ಲ. ಸ್ವಿಟ್ಜರ್‌ಲೆಂಡಿನ ಕ್ರೀಡಾ ಪಂಚಾಯತಿ ನ್ಯಾಯಾಲಯದ ಬಾಗಿಲು ತಟ್ಟಿತು. ಗುಳಿಗೆಯಲ್ಲಿ ಏನಿದೆಯೆಂದು ವಿಚಾರಿಸದೆ ನುಂಗಿದ್ದೇ ಅಲಕ್ಷ್ಯವೆಂದು ಬಗೆದ ಆ ನ್ಯಾಯಾಲಯವು 2012ರಲ್ಲಿ ಪೂರ್ಣ ಎರಡು ವರ್ಷದ ನಿಷೇಧವನ್ನೇ ವಿಧಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಹಿಂದಿನ ವರ್ಷದ ಚಿನ್ನಗಳು ಮಾತ್ರ ಆಕೆಯಲ್ಲಿಯೇ ಉಳಿದವು. ಮಾದರಿ ಕೊಟ್ಟ ದಿನಕ್ಕಿಂತ ಮುಂಚಿನ ಗೆಲುವುಗಳನ್ನು ಆ ತೀರ್ಪು ಮುಟ್ಟಲಿಲ್ಲ.

ಯಾವ ತೀರ್ಪು ನ್ಯಾಯವಾದದ್ದು? ಶಿಬಿರದಲ್ಲಿ ಊಟ, ನಿದ್ದೆ, ಔಷಧ ಎಲ್ಲವೂ ತರಬೇತುದಾರನ ಮಾತಿನಂತೆಯೇ ನಡೆಯುತ್ತಿರುವಾಗ, ಗುಳಿಗೆ ಕೊಟ್ಟವನಿಗೆ ಮನೆಯ ದಾರಿ, ನುಂಗಿದವಳಿಗೆ ಎರಡು ವರ್ಷದ ವನವಾಸ ಎಂದರೆ ಮನಸ್ಸು ಒಪ್ಪದು. ಆದರೆ ಇನ್ನೊಂದು ಮಗ್ಗುಲೂ ಉಂಟು. ‘ಗೊತ್ತಿರಲಿಲ್ಲ’ ಎಂಬ ಮಾತನ್ನು ಒಮ್ಮೆ ಮನ್ನಿಸಿದರೆ, ಗೊತ್ತಿದ್ದು ನುಂಗಿದವರೆಲ್ಲರ ಬಾಯಲ್ಲಿಯೂ ಅದೇ ಮಾತು ಬರುವುದು. ಪಕ್ಕದ ಸಾಲಿನಲ್ಲಿ ಬರಿಯ ಅನ್ನದ ಬಲದಿಂದ ಓಡಿ ನಾಲ್ಕನೆಯವಳಾದ ಹುಡುಗಿಗೆ ಆಗ ನ್ಯಾಯ ಹೇಳುವವರು ಯಾರು? ನಿಯಮ ಕಠಿಣವಾಗಿದೆ, ಸಡಿಲಗೊಳಿಸಿದರೆ ಅದು ನಿಯಮವಾಗಿಯೇ ಉಳಿಯದು. ಇಂದು ಬೇಕೆಂದೇ ಸ್ಟೀರಾಯ್ಡ್ ಸೇವಿಸಿದವರಿಗೆ ನಾಲ್ಕು ವರ್ಷ ನಿಷೇಧವಿದೆ. ಭಾರತದ ಸಂಸತ್ತು 2022ರಲ್ಲಿ ಇದಕ್ಕಾಗಿಯೇ ಕಾಯಿದೆಯನ್ನೂ ಮಾಡಿದೆ.

ಇವೆಲ್ಲ ಮಿಲಾನ್, ದೆಹಲಿಗಳ ಮಾತೆಂದು ತಳ್ಳಿಹಾಕುವಂತಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಹೊಲದ ದಾರಿಯಲ್ಲಿ ಸೈಕಲ್ ತುಳಿದು ಕಾಲು ಗಟ್ಟಿಮಾಡಿಕೊಂಡ ಹುಡುಗನೊಬ್ಬನಿದ್ದಾನೆಂದು ಭಾವಿಸೋಣ. ಅವನು ತಾಲ್ಲೂಕಿನ ದಸರಾ ಕ್ರೀಡಾಕೂಟದಲ್ಲಿ ಗೆಲ್ಲುತ್ತಾನೆ. ಜಿಲ್ಲೆಗೆ, ರಾಜ್ಯಕ್ಕೆ ಏರುತ್ತಾನೆ. ವಿಜಯಪುರ, ಬಾಗಲಕೋಟೆಗಳ ಪಳಗಿದ ಸೈಕಲ್ ಪಟುಗಳ ಎದುರು ನಿಲ್ಲುತ್ತಾನೆ. ಆಗ ಹಿತೈಷಿಯೊಬ್ಬನು ಪುಡಿಯ ಡಬ್ಬಿಯೊಂದನ್ನು ಕೈಗಿತ್ತು, ‘ಶಕ್ತಿ ಬರ್ತದೆ, ಕುಡಿ ಮಗ’ ಎನ್ನುತ್ತಾನೆ. ಡಬ್ಬಿಯ ಮೇಲಿನ ಅಕ್ಷರಗಳು ಇಂಗ್ಲಿಷಿನವು. ಹಿರಿಯರನ್ನು ಪ್ರಶ್ನಿಸುವುದು ಮನೆಯಲ್ಲಿ ಕಲಿತ ಪಾಠವಲ್ಲ.

ಆ ಹುಡುಗನಿಗೆ ಯಾರಾದರೂ ಮೊದಲೇ ಹೇಳಬೇಕಾದ ಮಾತುಗಳು ಕೆಲವಿವೆ. ಅಂಗಡಿಯಲ್ಲಿ ಮಾರುವ ಪುಡಿ ಶುದ್ಧವೆಂಬ ಭರವಸೆಯಿಲ್ಲ. ಚೀಟಿಯಲ್ಲಿ ಬರೆಯದ ವಸ್ತುವೂ ಒಳಗಿರಬಹುದು. ಕಾಯಿಲೆಗೆ ನಿಷಿದ್ಧ ಔಷಧವೇ ಬೇಕಾದರೆ, ವೈದ್ಯರ ಪತ್ರದೊಂದಿಗೆ ಅನುಮತಿ ಕೇಳುವ ದಾರಿಯುಂಟು. ಪರೀಕ್ಷಕರು ಬಂದಾಗ ತಪ್ಪಿಸಿಕೊಂಡು ಓಡುವುದೂ ಅಪರಾಧವೇ. ಇಷ್ಟನ್ನು ಶಾಲೆಯ ಆಟದ ಮೈದಾನದಲ್ಲಿ, ಕನ್ನಡದಲ್ಲಿ, ಮೊದಲ ಪದಕದ ಜೊತೆಯಲ್ಲಿಯೇ ಹೇಳಿಕೊಡುವುದು ನಿಯಮ ಮಾಡಿದವರ ಸಾಲ. ತಿಳಿಯದಿರುವುದೇ ಅಪರಾಧವೆನ್ನುವ ಕಾನೂನಿಗೆ ತಿಳಿಸುವ ಹೊಣೆಯೂ ಇರಲೇಬೇಕು.

ದೇಹ ಓಟಗಾರನದು, ಹೊಣೆಯೂ ಅವನದೇ. ಆದರೆ ಹಳ್ಳಿಯ ಹುಡುಗ ನುಂಗುವುದು ಬರಿಯ ಗುಳಿಗೆಯನ್ನಲ್ಲ. ಕೊಟ್ಟ ಕೈಯ ಮೇಲಿನ ನಂಬಿಕೆಯನ್ನು. ಅದನ್ನು ಅಳೆಯುವ ಪ್ರಯೋಗಶಾಲೆಯನ್ನು ಇದುವರೆಗೆ ಯಾರೂ ಕಟ್ಟಿಲ್ಲ.