ಈಡು ಎಂಬ ಪದ

ಬಲಿ ಎಂದೊಡನೆ ಯಾದಗಿರಿ, ಶಹಾಪುರ, ಸುರಪುರದ ನಮ್ಮವರಿಗೆ ಊರದೇವಿಯ ಜಾತ್ರೆಯ ಕುರಿ ನೆನಪಾಗುವುದು ಸಹಜ. ಕ್ರಿಸ್ತನ ಶಿಲುಬೆಯನ್ನೂ ಅದೇ ಸಾಲಿಗೆ ಸೇರಿಸುವವರಿದ್ದಾರೆ, ನಾನು ಒಪ್ಪಲಾರೆ. ಜಾತ್ರೆಯಲ್ಲಿ ಕೊಡುವವನು ಭಕ್ತ. ಕ್ರೈಸ್ತರ ನಂಬಿಕೆಯಲ್ಲಿ ಕೊಡುವವನು ದೇವರೇ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನ್ನ ಪ್ರಾಣಾರ್ಪಣೆಯನ್ನು ಕುರಿತು ಆಡುವ ಮಾತಿನಲ್ಲಿ, ಸೆರೆಯಾಳನ್ನೋ ಗುಲಾಮನನ್ನೋ ಬಿಡಿಸಲು ತೆರುವ ಬೆಲೆ ಎಂಬರ್ಥದ ಗ್ರೀಕ್ ಪದವಿದೆ. ಕನ್ನಡ ಬೈಬಲ್ಲಿನಲ್ಲಿ ಅದು 'ಈಡು' ಎಂದಾಯಿತು. ಎಂಥ ಸೊಗಸಾದ ಆಯ್ಕೆ! ಹೊಲವನ್ನು ಈಡಿಟ್ಟವರಿಗೆ, ಸಾಲಕ್ಕಾಗಿ ಮಗನನ್ನು ಜೀತಕ್ಕಿಟ್ಟವರಿಗೆ ಆ ಪದವನ್ನು ಯಾವ ಮೇಷ್ಟರೂ ವಿವರಿಸಬೇಕಿಲ್ಲ. 1976ರ ಜೀತ ನಿರ್ಮೂಲನ ಕಾಯ್ದೆಯು ಜೀತದ ಸಾಲವನ್ನೇ ರದ್ದುಗೊಳಿಸಿತು. ಶಿಲುಬೆಯ ಲೆಕ್ಕದಲ್ಲಿ ಸಾಲ ರದ್ದಾಗುವುದಿಲ್ಲ, ಸಾಲಗಾರನಲ್ಲದವನೊಬ್ಬನು ಅದನ್ನು ತೀರಿಸುತ್ತಾನೆ. ನಮ್ಮ ಕ್ರೈಸ್ತ ಬಂಧುಗಳು ವಿಮೋಚನೆ ಎನ್ನುವುದು ಇದನ್ನೇ.