ಸಮಿತಿಯಲ್ಲಿ ಯಾರಿಲ್ಲ?

ಹೊರನಾಡಿನ ಕನ್ನಡ ಸಂಘಗಳಲ್ಲಿ ವಾರ್ಷಿಕ ಮಹಾಸಭೆ ಸಮೀಪಿಸಿದಾಗ ಅಧ್ಯಕ್ಷರಾರು, ಕಾರ್ಯದರ್ಶಿ ಯಾರು ಎಂಬ ಚರ್ಚೆ ಏಳುವುದು ಸಹಜ. ಆದರೆ ಕಾರ್ಯಕಾರಿ ಸಮಿತಿಯಲ್ಲಿ ಯಾರಿಲ್ಲ, ಏಕಿಲ್ಲ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ. ಓದುಗ ಬಂಧುಗಳ ಮುಂದೆ ಈ ಬಾರಿ ಆ ಪ್ರಶ್ನೆಯನ್ನೇ ಇಡಬಯಸುತ್ತೇನೆ.

ಆಡಳಿತ ಮಂಡಳಿಗಳಲ್ಲಿ ಸಮಾಜದ ಎಲ್ಲ ವರ್ಗಗಳೂ ಇರಬೇಕೆಂಬುದು ನಮಗೆ ಹೊಸ ವಿಚಾರವಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗಲೇ ಕರ್ನಾಟಕವು ಶೇಕಡಾ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಆ ಪಾಲನ್ನು ಕನಿಷ್ಠ ಮೂರನೆಯ ಒಂದಕ್ಕೆ ಏರಿಸಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದು 2013ರ ಕಂಪನಿಗಳ ಕಾಯಿದೆ ವಿಧಿಸಿತು.

ಆದರೆ ನಡೆದುದೇನು? ಪಂಚಾಯತಿಗಳಲ್ಲಿ ಎಷ್ಟೋ ಕಡೆ ಹೆಂಡತಿಯ ಕುರ್ಚಿಯಲ್ಲಿ ಗಂಡ ಕುಳಿತ. ಕಂಪನಿಗಳಲ್ಲಿ ಹಲವು ಪ್ರವರ್ತಕರು ತಮ್ಮ ಪತ್ನಿ, ಪುತ್ರಿಯರನ್ನೇ ನೇಮಿಸಿ ಕೈತೊಳೆದುಕೊಂಡರು. ಕೊನೆಗೆ ಸೆಬಿ ಸಂಸ್ಥೆಯು ಮಂಡಳಿಯಲ್ಲಿ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಇರಲೇಬೇಕೆಂಬ ನಿಯಮವನ್ನು 2019ರ ಏಪ್ರಿಲ್‌ನಿಂದ 500 ದೊಡ್ಡ ಕಂಪನಿಗಳಿಗೂ, 2020ರ ಏಪ್ರಿಲ್‌ನಿಂದ 1000 ಕಂಪನಿಗಳಿಗೂ ಅನ್ವಯಿಸಬೇಕಾಯಿತು. ಕಾನೂನು ಕುರ್ಚಿ ಹಾಕಿಸಬಲ್ಲದು. ಕುಳಿತವರ ಮಾತಿಗೆ ಕಿವಿಗೊಡಬೇಕಾದವನು ಸಭೆಯ ಅಧ್ಯಕ್ಷನೇ.

ಕೇಂದ್ರ ಸರಕಾರದ ಸೇವೆಯಲ್ಲಿ ಹಲವಾರು ಸಮಿತಿಗಳಲ್ಲಿ ಕುಳಿತ ನನಗೆ ಮನವರಿಕೆಯಾದದ್ದು ಇಷ್ಟು: ಮೇಲಿದ್ದವರು ತಮ್ಮಂಥವರನ್ನೇ ಆರಿಸಿಕೊಳ್ಳುವುದು ಬಹುಮಟ್ಟಿಗೆ ದುರುದ್ದೇಶದಿಂದಲ್ಲ, ಪರಿಚಯದ ಬಲದಿಂದ. ಒಮ್ಮೆ, ವ್ಯಾಸಂಗದಲ್ಲಿ ಎರಡು ವರ್ಷ ಬಿಡುವಿದ್ದ ಅಭ್ಯರ್ಥಿಯೊಬ್ಬಳನ್ನು ಬಹುಮತವು ಚಂಚಲೆಯೆಂದು ಬದಿಗಿಡುವುದರಲ್ಲಿತ್ತು. ಸಮಿತಿಯಲ್ಲಿದ್ದ ಏಕೈಕ ಮಹಿಳೆ, "ಆ ಎರಡು ವರ್ಷ ಮನೆಯಲ್ಲಿ ಯಾರ ಆರೈಕೆ ಮಾಡುತ್ತಿದ್ದೆಯಮ್ಮಾ?" ಎಂದು ಕೇಳಿದರು. ಹಾಸಿಗೆ ಹಿಡಿದ ತಂದೆಯ ಸಂಗತಿ ಹೊರಬಂತು, ನಿರ್ಣಯ ಬದಲಾಯಿತು. ಉಳಿದ ಸದಸ್ಯರು ಕೆಟ್ಟವರೇನಲ್ಲ. ಆ ಪ್ರಶ್ನೆ ಹುಟ್ಟುವ ಅನುಭವ ಅವರಲ್ಲಿರಲಿಲ್ಲ, ಅಷ್ಟೆ. ತನ್ನ ಅನುಭವದ ಎಲ್ಲೆ ಯಾವುದೆಂದು ಅರಿತವನೇ ಇನ್ನೊಬ್ಬರನ್ನು ನಿಜವಾಗಿ ಒಳಗೆ ಕರೆದುಕೊಳ್ಳಬಲ್ಲ.

ಈಗ ನಮ್ಮ ಸಂಘಗಳನ್ನು ನೋಡೋಣ. ಬಸವ ಜಯಂತಿಯಂದು ಅನುಭವ ಮಂಟಪವನ್ನು ಕುರಿತು ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಮಹಿಳೆಯರಿಗೆ ಪ್ರಾರ್ಥನೆ, ರಂಗೋಲಿ, ಊಟೋಪಚಾರ. ಲೆಕ್ಕಪತ್ರ ಮತ್ತು ನಿಯಮಾವಳಿ ಪುರುಷರಿಗೆ. ಮುಂಬಯಿಯಂಥ ನಗರದಲ್ಲಿ ಹೋಟೆಲು ಹುಡುಗರಿಗೆ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳ ಪರಂಪರೆಯನ್ನು ಹೆಮ್ಮೆಯಿಂದ ಸ್ಮರಿಸುತ್ತೇವೆ. ಇಂದು ಕಲಬುರಗಿ, ಯಾದಗಿರಿಗಳಿಂದ ಬಂದು ಕಟ್ಟಡ ಕೆಲಸದಲ್ಲಿರುವ ಕನ್ನಡಿಗನ ಹೆಸರು ನಮ್ಮ ಸದಸ್ಯರ ಪಟ್ಟಿಯಲ್ಲಾದರೂ ಇದೆಯೇ? ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು? ಕನ್ನಡ ಮಾತಾಡಬಲ್ಲರೂ ಓದಲಾರದ ಮೂರನೆಯ ತಲೆಮಾರಿನ ತರುಣರು?

"ಕರೆದರೂ ಬರುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ವಾರದ ದಿನ ರಾತ್ರಿ ಎಂಟೂವರೆಗೆ ಸಭೆ ಕರೆದರೆ, ದೂರದ ಉಪನಗರದ ಗೃಹಿಣಿಯಾಗಲಿ ದಿನಗೂಲಿಯವನಾಗಲಿ ಹೇಗೆ ಬಂದಾರು? "ಯೋಗ್ಯತೆ ಮುಖ್ಯ" ಎಂಬುದು ಇನ್ನೊಂದು ವಾದ. ಒಪ್ಪೋಣ. ಆದರೆ ತನ್ನ ಜನರನ್ನು ಬಲ್ಲವರಾಗಿರುವುದೇ ಸಂಘವೊಂದರ ಸಮಿತಿಗೆ ಬೇಕಾದ ಮೊದಲ ಯೋಗ್ಯತೆಯಲ್ಲವೇ?

ಹಿರಿಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಸರಳವಾದದ್ದು. ಅಧ್ಯಕ್ಷರು ಸಭೆಯಲ್ಲಿ ಕೊನೆಯಲ್ಲಿ ಮಾತಾಡಲಿ. ಅವರು ಮೊದಲೇ ಮಾತಾಡಿದರೆ ಉಳಿದವರಿಗೆ ತಲೆಯಾಡಿಸುವುದಷ್ಟೇ ಉಳಿಯುತ್ತದೆ. ಒಂದು ಹುದ್ದೆಯಲ್ಲಿ ಸತತ ಎರಡು ಅವಧಿ ಸಾಕು. ಹೊಸಬರಿಗೆ ಹಾರ ತುರಾಯಿಯ ಹೊಣೆಯ ಬದಲು ಖಜಾಂಚಿಯ ಹೊಣೆ ಸಿಗಲಿ. ಸಭೆಗಳನ್ನು ಭಾನುವಾರ ಹಗಲು ಹೊತ್ತಿನಲ್ಲಿ, ಸರದಿಯಂತೆ ಬೇರೆ ಬೇರೆ ಬಡಾವಣೆಗಳಲ್ಲಿ ನಡೆಸೋಣ.

ಹೊರನಾಡಿನಲ್ಲಿ ಕನ್ನಡಕ್ಕೆ ಸರಕಾರದ ಆಸರೆ ಅಲ್ಪ, ಸಂಘವೇ ಆಸರೆ. ಆ ಸಂಘ ನಾಲ್ಕಾರು ಮನೆತನಗಳ ಗೆಳೆಯರ ಕೂಟವಾಗಿ ಉಳಿದರೆ, ಆ ಗೆಳೆಯರ ವಯಸ್ಸಿನೊಡನೆಯೇ ಅದರ ಆಯುಸ್ಸೂ ಮುಗಿಯುತ್ತದೆ. ಬರುವ ಮಹಾಸಭೆಯಲ್ಲಿ ಹೆಸರು ಸೂಚಿಸಲು ಕೈಯೆತ್ತುವ ಮುನ್ನ, ಈವರೆಗೆ ನಾವು ಯಾರ ಹೆಸರನ್ನು ಸೂಚಿಸಿಲ್ಲ ಎಂಬುದನ್ನು ಪ್ರತಿಯೊಬ್ಬರೂ ಕ್ಷಣಕಾಲ ಯೋಚಿಸಬೇಕೆಂದು ಕೋರುತ್ತೇನೆ.