ಅಭಿನೇತ್ರಿಗೆ ಸಲ್ಲಬೇಕಾದ ಮನ್ನಣೆ

ನಟನಟಿಯರನ್ನು ಕುರಿತು ಲೋಕವು ಕೊಡುವ ತೀರ್ಪಿನಲ್ಲಿ ಬಹುಕಾಲದಿಂದ ಒಂದು ಪಕ್ಷಪಾತವುಂಟು. ಗಂಡಸು ಖಳನ ಪಾತ್ರವನ್ನು ವಹಿಸಿ ರಂಗದ ಮೇಲೆ ಎಷ್ಟು ದುಷ್ಕೃತ್ಯಗಳನ್ನೆಸಗಿದರೂ, ಬಣ್ಣವನ್ನು ತೊಳೆದು ಕೆಳಗಿಳಿದೊಡನೆ ಮೊದಲಿನ ಗೃಹಸ್ಥನೇ ಆಗಿ ಊರ ಹಿರಿಯರೊಡನೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯಬಲ್ಲನು. ಹೆಂಗಸು ವಹಿಸಿದ ಪಾತ್ರವಾದರೋ ಬಣ್ಣದೊಡನೆ ತೊಳೆದುಹೋಗದೆ, ಆಕೆಯ ಹೆಸರಿಗೆ ಅಂಟಿಕೊಂಡು, ಆಕೆಯ ಬಿಡಾರದವರೆಗೂ ಹಿಂಬಾಲಿಸಿ ಹೋಗುವುದು. ತಾಯಿಯಾಗಿ ಅತ್ತವಳು ಪೂಜ್ಯಳು, ನಗಿಸಿದವಳು ಹಗುರದವಳು ಎಂಬ ವಿಭಾಗವನ್ನು ಪ್ರೇಕ್ಷಕರಾದ ನಾವೇ ಮಾಡಿಕೊಂಡಿದ್ದೇವೆ. ನಾವು ಗೌರವಿಸುತ್ತಿರುವುದು ಪಾತ್ರವನ್ನೇ ಹೊರತು ಆ ಪಾತ್ರವನ್ನು ಕಟ್ಟಿ ನಿಲ್ಲಿಸಿದ ದುಡಿಮೆಯನ್ನಲ್ಲ. ಇದು ದೂರದ ಬೆಂಗಳೂರಿನ ಚಿತ್ರರಂಗದ ದೋಷವಷ್ಟೇ ಅಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪ್ರತಿಯೊಂದು ಜಾತ್ರೆಯ ನಾಟಕದಲ್ಲಿಯೂ ನಮ್ಮ ಕಣ್ಣೆದುರಿನಲ್ಲಿಯೇ ನಡೆಯುತ್ತಿರುವ ಅನ್ಯಾಯ.

ಈ ಮಾತಿಗೆ ನಿದರ್ಶನವಾಗಿ ಉಮಾಶ್ರೀಯವರ ಜೀವನವನ್ನು ಪರಿಶೀಲಿಸಬಹುದು. 1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಆಕೆ ನಮ್ಮ ಸೀಮೆಯವರಲ್ಲದಿದ್ದರೂ, ನಮ್ಮ ಸೀಮೆಯ ಯಾವ ಮನೆಗೂ ಅಪರಿಚಿತರಲ್ಲ. ದಾಂಪತ್ಯದ ಆಸರೆ ತಪ್ಪಿದ ಮೇಲೆ ಇಬ್ಬರು ಮಕ್ಕಳನ್ನು ಒಂಟಿಯಾಗಿ ಸಾಕಬೇಕಾಗಿ ಬಂದ ಆ ತರುಣಿಗೆ ಅಭಿನಯವೆಂಬುದು ಕಲೆಯೂ ಆಗಿತ್ತು, ಹೊಟ್ಟೆಯ ಪಾಡೂ ಆಗಿತ್ತು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ, ಕಳೆದುಹೋದ ಹುಂಜವನ್ನು ಹುಡುಕುತ್ತ ಅಲೆಯುವ ಮುದುಕಿ ಸಾಕವ್ವನ ಪಾತ್ರ ಆಕೆಯದಾಯಿತು. ಯೌವನದ ಸ್ತ್ರೀಯೊಬ್ಬಳು ಮುದುಕಿಯ ಬೆನ್ನನ್ನೂ ಕೊರಳನ್ನೂ ಕೋಪವನ್ನೂ ತನ್ನದಾಗಿಸಿಕೊಂಡು ನಿಂತ ಆ ಪರಿಯನ್ನು ಕಂಡವರು ಇಂದಿಗೂ ಮರೆತಿಲ್ಲ. ಮುಂದೆ ಬಂದ ಪ್ರಶಸ್ತಿಗಳೆಲ್ಲಕ್ಕೂ ಆಧಾರವಾದ ಸಾಮರ್ಥ್ಯವು ಅಂದೇ ಸಿದ್ಧವಾಗಿತ್ತೆಂಬುದನ್ನು ನಾವು ಗಮನಿಸಬೇಕು.

ಆದರೆ ಆ ಸಾಮರ್ಥ್ಯಕ್ಕೆ ಚಿತ್ರರಂಗವು ಕೊಟ್ಟ ಕೆಲಸವೇ ಬೇರೆ. ಕಾಶೀನಾಥರ ‘ಅನುಭವ’ 1984ರಲ್ಲಿ ತೆರೆಕಂಡ ತರುವಾಯ, ಆಕೆಯನ್ನು ಅರಸಿಕೊಂಡು ಬಂದ ಪಾತ್ರಗಳು ಬಹುಮಟ್ಟಿಗೆ ಬಾಯಿಬಡುಕಿ ಹೆಂಡತಿಯವು, ಶೃಂಗಾರವನ್ನು ಅಪಹಾಸ್ಯಕ್ಕೆ ತಿರುಗಿಸುವ ಮಧ್ಯವಯಸ್ಕಳವು, ಎನ್.ಎಸ್. ರಾವ್ ಮೊದಲಾದ ಹಾಸ್ಯನಟರಿಗೆ ಜೋಡಿಯಾಗಿ ಬಂದು ಹೋಗುವಂಥವು. ನಗಿಸುವುದಾದರೂ ಸುಲಭವೇ? ಮಾತನ್ನು ಒಂದು ಕ್ಷಣ ಮೊದಲೇ ಎಸೆದರೆ ನಗೆ ಹುಟ್ಟದು, ಒಂದು ಕ್ಷಣ ತಡೆದರೆ ಅದು ಸತ್ತುಹೋಗುವುದು. ಅಳಿಸಲು ಸಂದರ್ಭವೂ ಸಂಗೀತವೂ ನೆರವಿಗೆ ಬರುವುವು, ನಗಿಸಲು ನಟಿಯ ಕಾಲಜ್ಞಾನವೊಂದೇ ಗತಿ. ಆ ಕಾಲಜ್ಞಾನವು ಉಮಾಶ್ರೀಯವರಲ್ಲಿ ಅಸಾಧಾರಣವಾಗಿದ್ದುದರಿಂದಲೇ ಚಿತ್ರಮಂದಿರಗಳು ನಕ್ಕುವು. ನಕ್ಕವರು ಹೊರಗೆ ಬಂದು, ಆ ದ್ವಂದ್ವಾರ್ಥದ ಮಾತುಗಳನ್ನು ಬರೆದವನನ್ನೂ ಹೇಳಿಸಿದವನನ್ನೂ ಬಂಡವಾಳ ಹೂಡಿದವನನ್ನೂ ಮರೆತು, ಆಡಿದವಳನ್ನು ಮಾತ್ರ ಮೂಗು ಮುರಿದು ನೋಡಿದರು. 1995ರ ‘ಪುಟ್ನಂಜ’ದಲ್ಲಿ ನಲವತ್ತು ತುಂಬದ ಆಕೆ ಅಜ್ಜಿಯಾಗಿ, ಒಂದೇ ಪಾತ್ರದಲ್ಲಿ ನಗೆಯನ್ನೂ ವಾತ್ಸಲ್ಯವನ್ನೂ ಹೆಣೆದು ತೋರಿಸಿದಾಗಲೇ ಅನೇಕರಿಗೆ, ಈಕೆಯಲ್ಲಿ ಬೇರೆ ಶಕ್ತಿಯೂ ಇದೆ ಎಂಬ ಅನುಮಾನವು ತಟ್ಟಿದ್ದು.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂದದ್ದು 2008ರಲ್ಲಿ. ವೈದೇಹಿಯವರ ಕಥೆಯ ಮೇಲೆ ಆಧರಿಸಿದ ಆ ಚಿತ್ರದಲ್ಲಿ ಗುಲಾಬಿಯು ಕುಂದಾಪುರದ ಕಡಲಂಚಿನ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿ. ಗಂಡ ಬಿಟ್ಟವಳು, ಸಿನಿಮಾದ ಹುಚ್ಚಿನವಳು. ಹೆರಿಗೆ ಮಾಡಿಸಿದ ಉಪಕಾರಕ್ಕಾಗಿ ಬಂದ ಬಣ್ಣದ ಟಿ.ವಿ. ಆಕೆಯ ಗುಡಿಸಲನ್ನು ಊರ ಹೆಂಗಸರ ಕೂಟವನ್ನಾಗಿ ಮಾಡುವುದು. ಕಾರ್ಗಿಲ್ ಯುದ್ಧದ ಕಾಲದ ಮತದ್ವೇಷವು ಆ ಕೂಟವನ್ನೇ ಒಡೆದು ಆಕೆಯನ್ನು ಊರು ಬಿಡಿಸುವುದು. ಈ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ಅತ್ಯುತ್ತಮ ನಟಿಯೆಂಬ ರಾಷ್ಟ್ರಪ್ರಶಸ್ತಿಯು ದೊರಕಿತು. ಕೂಡಲೇ ನಾಡೆಲ್ಲ ಆಕೆಯನ್ನು ಮಹಾನಟಿಯೆಂದಿತು. ಆದರೆ ಗುಲಾಬಿಯು ಟಿ.ವಿ.ಯ ಮುಂದೆ ಕುಳಿತು ಕಣ್ಣರಳಿಸುವಾಗಿನ ಬಾಲಿಶವಾದ ಆನಂದ, ಮಾತಿನ ನಡುವಣ ಆ ಚುರುಕು, ದುಃಖದ ಅಂಚಿನಲ್ಲಿಯೂ ತಲೆಯೆತ್ತುವ ಆ ತುಂಟತನ, ಇವೆಲ್ಲ ಎಲ್ಲಿಂದ ಬಂದುವು? ಅಗ್ಗದವೆಂದು ನಾವು ತಳ್ಳಿಹಾಕಿದ ಹಾಸ್ಯಪಾತ್ರಗಳಲ್ಲಿ ಇಪ್ಪತ್ತು ವರ್ಷ ಸಾಣೆಗೊಂಡ ಕೌಶಲವೇ ಅಲ್ಲಿ ಬೆಳಗಿತು. ಮನ್ನಣೆಯನ್ನು ಕೊಟ್ಟವರು ಆ ಸಾಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯು ಚಿಂತನಾರ್ಹವಾಗಿದೆ. ‘ಗುಲಾಬಿ ಟಾಕೀಸ್’ಗಿಂತ ನಾಲ್ಕು ವರ್ಷ ಹಿಂದಿನ ಚಿತ್ರ ‘ಹಸೀನಾ’ಕ್ಕಾಗಿ ಅದೇ ಪ್ರಶಸ್ತಿಯನ್ನು ಪಡೆದಿದ್ದವರು ತಾರಾ. ಅದೂ ಕಾಸರವಳ್ಳಿಯವರದೇ, ಅದರ ಮೂಲವು ಬಾನು ಮುಷ್ತಾಕರ ‘ಕರಿ ನಾಗರಗಳು’ ಎಂಬ ಕಥೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ತೊರೆದ ಹಸೀನಾ, ಗಂಡನಿದ್ದೂ ಒಬ್ಬಂಟಿಯಾದ ಗುಲಾಬಿ, ಇವರೊಡನೆ 2021ರ ಕೊನೆಯಲ್ಲಿ ಕಿರುತೆರೆಗೆ ಬಂದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೆಸ್ ನಡೆಸಿ ಬದುಕುವ, ಉಮಾಶ್ರೀಯವರೇ ಅಭಿನಯಿಸಿದ ಪುಟ್ಟಕ್ಕನನ್ನೂ ಸೇರಿಸಿಕೊಂಡರೆ, ನಾವು ಅಭಿನೇತ್ರಿಗೆ ಕೈಮುಗಿಯುವುದು ಆಕೆಯು ಪರಿತ್ಯಕ್ತೆಯಾಗಿ ಕಣ್ಣೀರು ಸುರಿಸಿದಾಗಲೇ ಎಂಬುದು ಸ್ಪಷ್ಟವಾಗುತ್ತದೆ. ಆ ಕಥೆಗಳ ಘನತೆಯನ್ನಾಗಲಿ, ಇಬ್ಬರು ಲೇಖಕಿಯರ ಅಂತರ್ದೃಷ್ಟಿಯನ್ನಾಗಲಿ ನಾನು ಕಿಂಚಿತ್ತೂ ಅಲ್ಲಗಳೆಯುತ್ತಿಲ್ಲ. ಹೆಣ್ಣಿನ ಸಂಕಟವನ್ನು ಮೆಚ್ಚಬಲ್ಲ ನಾವು ಹೆಣ್ಣಿನ ನಗೆಯನ್ನು ಮೆಚ್ಚುವಾಗ ಮಾತ್ರ ಏಕೆ ಸಂಕೋಚಪಡುತ್ತೇವೆ ಎಂದಷ್ಟೇ ಕೇಳುತ್ತಿದ್ದೇನೆ.

ಈಗ ನಮ್ಮ ಸೀಮೆಗೆ ಬರೋಣ. ಸಂಜೆಯಾದರೆ ಗಂಗಾವತಿಯ ನೀರಾವರಿಯ ಊರುಗಳಲ್ಲಿಯೂ, ಕುಷ್ಟಗಿ ಯಲಬುರ್ಗಾಗಳ ಬೆದ್ದಲಿನ ಹಳ್ಳಿಗಳಲ್ಲಿಯೂ ಪುಟ್ಟಕ್ಕನು ನೆರೆಯವಳಂತೆ ಪಡಸಾಲೆಗೆ ಬಂದು ಹೋದಳು. ಹೆಂಗಸರು ರೊಟ್ಟಿ ಬಡಿಯುತ್ತಲೇ ಆಕೆಯ ಸುಖದುಃಖಗಳನ್ನು ವಿಚಾರಿಸಿಕೊಂಡರು. ಅದೇ ಹಳ್ಳಿಗಳಲ್ಲಿ, ಹಿಂಗಾರಿಯ ಜೋಳ ಕಡಲೆಗಳ ಸುಗ್ಗಿ ಮುಗಿದು ಮುಂಗಾರಿನ ಬಿತ್ತನೆಗೆ ಇನ್ನೂ ಬಿಡುವಿರುವಾಗ, ಜಾತ್ರೆಯ ನಿಮಿತ್ತವಾಗಿ ಸಾಮಾಜಿಕ ನಾಟಕವೊಂದು ಏರ್ಪಡುವುದುಂಟು. ಊರ ತರುಣರು ವಾರಗಟ್ಟಲೆ ಪೇಟಿ ಮಾಸ್ತರನ ಮುಂದೆ ತಾಲೀಮು ಮಾಡಿ ಪಾರ್ಟುಗಳನ್ನು ಬಾಯಿಪಾಠ ಮಾಡುವರು. ಸ್ತ್ರೀಪಾತ್ರಕ್ಕೆ ಮಾತ್ರ ಊರ ಹೆಣ್ಣುಮಕ್ಕಳು ನಿಲ್ಲುವಂತಿಲ್ಲ. ಗದಗ, ಇಳಕಲ್ಲು, ಗುಳೇದಗುಡ್ಡ, ಮರಿಯಮ್ಮನಹಳ್ಳಿಗಳಿಂದ ಪಾತ್ರಧಾರಿಣಿಯರನ್ನು ಕರೆಸಬೇಕು. ಹೀಗೆ ಬಂದವಳು ಒಂದೆರಡು ಸಲ ತಾಲೀಮಿನಲ್ಲಿ ನಿಂತು, ಅಪರಿಚಿತರಾದ ಗಂಡಸರ ನಡುವೆ, ಪರಿಚಯವಿಲ್ಲದ ರಂಗದ ಮೇಲೆ, ಇಡೀ ರಾತ್ರಿ ನಾಯಕಿಯಾಗಿ ಹಾಡಿ, ಕುಣಿದು, ಅತ್ತು, ಮಾತು ಮರೆತ ಊರ ನಾಯಕನಿಗೆ ಪ್ರೇಕ್ಷಕರಿಗೆ ತಿಳಿಯದಂತೆ ಮಾತನ್ನೆತ್ತಿಕೊಟ್ಟು ನಾಟಕವನ್ನು ದಡ ಮುಟ್ಟಿಸುವಳು. ಇಂದು ಒಂದು ಊರು, ನಾಳೆ ಇನ್ನೊಂದು. ಇಂದಿನ ನಾಟಕವೇ ಬೇರೆ, ನಾಳಿನದೇ ಬೇರೆ. ಅಷ್ಟು ನಾಟಕಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿರುವ ಆ ಸ್ಮರಣಶಕ್ತಿಯನ್ನು ಪಂಡಿತರಲ್ಲಿ ಕಂಡಿದ್ದರೆ ಶಾಲು ಹೊದಿಸುತ್ತಿದ್ದೆವು.

ಆಕೆಗೆ ಸಲ್ಲುವುದಾದರೋ ಬೇರೆಯೇ. ಆಯೇರಿಯ ನೆಪದಲ್ಲಿ ರಂಗವನ್ನೇರಿ, ನೋಟನ್ನು ಕೊಡುವ ಕೈಯನ್ನು ಬೇಕೆಂದೇ ತಡಮಾಡುವವರುಂಟು. ಹಾಸ್ಯದ ಹಾಡಿಗೆ ಮೂರು ಸಲ ‘ಒನ್ಸ್ ಮೋರ್’ ಕೂಗಿ, ಬೆಳಗಾದ ಮೇಲೆ ಬಸ್ ನಿಲ್ದಾಣದಲ್ಲಿ ಅದೇ ಹಾಡನ್ನು ಆಕೆಯ ಬೆನ್ನಿಗೆ ಎಸೆಯುವವರುಂಟು. ಕತ್ತಲಿರುವಾಗ ಕಲಾವಿದೆ, ಬೆಳಕು ಹರಿದರೆ ‘ನಾಟಕದಾಕಿ’. ಈ ತಾತ್ಸಾರಕ್ಕೆ ಚಾರಿತ್ರಿಕವಾದ ಕಾರಣವಿದೆ. ಕುಲೀನರ ಮನೆಗಳು ಹೆಣ್ಣುಮಕ್ಕಳನ್ನು ರಂಗಕ್ಕೆ ಕಳುಹಿಸದಿದ್ದ ಕಾಲದಲ್ಲಿ, ಹಾಡು ಕುಣಿತಗಳನ್ನು ಪರಂಪರೆಯಿಂದ ಬಲ್ಲ ಕುಟುಂಬಗಳ ಹೆಂಗಸರೇ ಮುಂದೆ ಬಂದರು. ಅವರಲ್ಲಿ ಹಲವರು ಮುತ್ತು ಕಟ್ಟುವ ದೇವದಾಸಿ ಪದ್ಧತಿಗೆ ಬಲಿಯಾದ ಮನೆಗಳವರು. ಆ ಪದ್ಧತಿಯನ್ನು 1982ರ ಕಾಯಿದೆಯು ನಿಷೇಧಿಸಿತಾದರೂ, ಅದರಿಂದ ಹುಟ್ಟಿದ ದೃಷ್ಟಿಯನ್ನು ಯಾವ ಕಾಯಿದೆಯೂ ನಿಷೇಧಿಸಲಾರದು. ಬೀಳಗಿಯ ಗಾಯಕನಟಿ ಸೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿಯರ ಕಥೆಯು ಇದಕ್ಕೆ ಸಾಕ್ಷಿ. ಸ್ತ್ರೀವೇಷವನ್ನು ಹಾಕಿ ಲೋಕಪೂಜಿತರಾದ ಬಾಲಗಂಧರ್ವರು ಪದ್ಮಭೂಷಣರಾದರು. ಅವರ ಮಂಡಳಿಯಲ್ಲಿ ಹೆಣ್ಣಾಗಿಯೇ ಸ್ತ್ರೀಪಾತ್ರವನ್ನು ವಹಿಸಿ ಅವರ ಕೈಹಿಡಿದ ಗೋಹರಬಾಯಿಯಾದರೋ, ಅವರ ಅವನತಿಗೆ ಕಾರಣಳೆಂಬ ಅಪವಾದವನ್ನು ಹೊರಬೇಕಾಯಿತು.

ನಾಟಕಗಳೇ ಕೀಳಾಗಿರುವಾಗ ನಟಿಯನ್ನು ಗೌರವಿಸುವುದೆಂತು ಎಂದು ಕೆಲವರು ಆಕ್ಷೇಪಿಸುವರು. ದ್ವಂದ್ವಾರ್ಥದ ಸಂಭಾಷಣೆಯು ಕಂಪನಿ ನಾಟಕವನ್ನೂ ಊರ ನಾಟಕವನ್ನೂ ಕೆಡಿಸಿದೆಯೆಂಬುದು ಸುಳ್ಳಲ್ಲ. ಆದರೆ ಆ ಸಂಭಾಷಣೆಯನ್ನು ಬರೆದವರು ಗಂಡಸರು. ಆರಿಸಿದ ಸಮಿತಿಯು ಗಂಡಸರದು. ಸೀಟಿ ಹೊಡೆದವರೂ ಗಂಡಸರೇ. ಈ ಮೂವರೂ ಪಾಲುಗಾರರಾಗಿರುವ ದೋಷದ ದಂಡವನ್ನು ಕೂಲಿಗಾಗಿ ಆ ಮಾತನ್ನಾಡಿದವಳೊಬ್ಬಳಿಂದಲೇ ವಸೂಲು ಮಾಡುವುದು ಯಾವ ನ್ಯಾಯ? ಅಭಿರುಚಿಯನ್ನು ತಿದ್ದಬೇಕೆನ್ನುವವರು ನಾಟಕದ ಆಯ್ಕೆಯಿಂದ ಆರಂಭಿಸಲಿ.

ಪ್ರಶಸ್ತಿಯು ಬರುವವರೆಗೆ ಕಾಯುವುದು ನಮ್ಮ ಇನ್ನೊಂದು ಅಭ್ಯಾಸ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತಾರು. ದೀಪದ ಬೆಳಕಿನಲ್ಲಿ, ತೆರೆಯ ಹಿಂದೆ, ತೊಗಲುಗೊಂಬೆಗಳಿಗೆ ರಾಮಾಯಣ ಭಾರತಗಳ ಪ್ರಾಣವನ್ನು ತುಂಬಿದ ಆ ತಾಯಿಯ ಕಲೆಯು ಚಲನಚಿತ್ರಕ್ಕಿಂತ ಎಷ್ಟೋ ಹಿಂದಿನದು. ಜಿಲ್ಲೆಯೆಲ್ಲ ಸಂಭ್ರಮಪಟ್ಟಿತು, ಪಡಬೇಕಾದ್ದೇ. ಆದರೂ ಒಂದು ಜೀವಮಾನದ ದುಡಿಮೆಯನ್ನು ದೆಹಲಿಯವರು ತೋರಿಸಿಕೊಟ್ಟ ಮೇಲೆ ನಾವು ಕಂಡುಕೊಂಡೆವೆಂದರೆ, ಅದರಲ್ಲಿ ಹೆಮ್ಮೆಯ ಜತೆಗೆ ಲಜ್ಜೆಯೂ ಇರಬೇಕಷ್ಟೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನಾಟಕದ ಸಮಿತಿಗಳು ಮಾಡಬಹುದಾದುದು ದೊಡ್ಡದೇನೂ ಅಲ್ಲ: ಬಂದ ಕಲಾವಿದೆಗೆ ಬಾಗಿಲಿರುವ ಒಂದು ಬಣ್ಣದ ಕೋಣೆ, ಮರ್ಯಾದಸ್ಥರ ಮನೆಯಲ್ಲಿ ಊಟ ವಸತಿ, ಒಪ್ಪಿದ ಸಂಭಾವನೆಯನ್ನು ಪರದೆ ಏಳುವ ಮೊದಲೇ ಕೊಡುವುದು, ಆಯೇರಿಯನ್ನು ಸಮಿತಿಯವರೇ ಸ್ವೀಕರಿಸಿ ಅವಳಿಗೆ ತಲುಪಿಸುವುದು, ಬೆಳಗ್ಗೆ ಬಸ್ಸಿನವರೆಗೆ ಹಿರಿಯರೊಬ್ಬರು ಜತೆಗೆ ಹೋಗುವುದು. ಎರಡನೆಯದು ದಾಖಲೆ. ಸರ್ಕಾರವು ವೃದ್ಧ ಕಲಾವಿದರಿಗೆ ಮಾಸಾಶನವನ್ನು ಕೊಡುತ್ತದೆ. ಆದರೆ ಹಳ್ಳಿಹಳ್ಳಿ ತಿರುಗಿ ಬಣ್ಣ ಹಚ್ಚಿದವಳು ತನ್ನ ಕಲಾಸೇವೆಗೆ ಯಾವ ಕಾಗದವನ್ನು ತೋರಿಸಿಯಾಳು? ಗೋಡೆಗೆ ಅಂಟಿಸಿದ ಜಾಹೀರಾತು ಮಳೆಗೆ ಹೋಯಿತು. ಆದುದರಿಂದ ಪ್ರತಿಯೊಂದು ಸಮಿತಿಯೂ ನಾಟಕ ಮುಗಿದೊಡನೆ ದಿನಾಂಕ, ನಾಟಕದ ಹೆಸರು, ಪಾತ್ರಗಳನ್ನು ಬರೆದು ಸಹಿ ಮಾಡಿದ ಒಂದು ಪತ್ರವನ್ನು ಆಕೆಯ ಕೈಗಿಡಲಿ. ಮೂರನೆಯದು ಚರಿತ್ರೆಯ ಕೆಲಸ. ಅಮೀರಬಾಯಿ ಕರ್ನಾಟಕಿಯ ಮರೆತುಹೋದ ಬದುಕನ್ನು ರಹಮತ್ ತರೀಕೆರೆಯವರು ಅರಸಿ ಗ್ರಂಥವನ್ನಾಗಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಮಗೆ ಹೊಳೆಯಾಚೆಯಷ್ಟೇ ದೂರ. ನಮ್ಮ ನಾಲ್ಕು ಊರುಗಳ ಕಾಲೇಜುಗಳ ಕನ್ನಡ ವಿಭಾಗಗಳು, ಬದುಕಿರುವ ಹಿರಿಯ ಪಾತ್ರಧಾರಿಣಿಯರ ಮಾತನ್ನೂ ಹಾಡನ್ನೂ ಅವರ ಕಂಠದಲ್ಲಿಯೇ ಧ್ವನಿಮುದ್ರಿಸಿಡಲು ಅಪಾರ ದ್ರವ್ಯವೇನೂ ಬೇಕಾಗಿಲ್ಲ.

ಉಮಾಶ್ರೀಯವರು ಶಾಸಕಿಯಾದರು, 2013ರಲ್ಲಿ ನೇಕಾರರ ನಾಡಾದ ತೇರದಾಳದಿಂದ ಗೆದ್ದು ಮಂತ್ರಿಣಿಯಾದರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೇ ನಿರ್ವಹಿಸಿದರು. ಅಂತಹ ಭಾಗ್ಯವು ಬಣ್ಣ ಹಚ್ಚಿದವರೆಲ್ಲರಿಗೂ ಬರಲಾರದು, ಬರಬೇಕೆಂದೂ ಅಲ್ಲ. ಅಧಿಕಾರವೂ ಪ್ರಶಸ್ತಿಯೂ ಇಲ್ಲದ ನಟಿಗೆ, ಆಕೆ ನಗಿಸಿದ ರಾತ್ರಿಯ ಮರುದಿನ, ಊರು ಹೇಗೆ ಮಾತನಾಡಿಸುವುದೋ ಅದರಿಂದಲೇ ಆ ಊರಿನ ಕಲಾಭಿಮಾನವನ್ನು ಅಳೆಯಬೇಕು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನೆಲೆಯೆಂದು ಎಣಿಸಿದ ನಾಡುಗಳಲ್ಲಿ ಕೊಪಣವೂ, ಎಂದರೆ ನಮ್ಮ ಕೊಪ್ಪಳವೂ, ಒಂದೆಂಬ ಹೆಮ್ಮೆ ನಮಗುಂಟು. ಆ ಕನ್ನಡವನ್ನು ರಾತ್ರಿಯಿಡೀ ಕಂಠವೆತ್ತಿ ನುಡಿದು, ಅಕ್ಷರ ಬಾರದವರ ಕಿವಿಗೂ ಮುಟ್ಟಿಸಿದ ಹೆಂಗಸನ್ನು ಬಹುವಚನದಲ್ಲಿ ಮಾತನಾಡಿಸಲಾರದವರಿಗೆ ಆ ಹೆಮ್ಮೆಯ ಅಧಿಕಾರವಿಲ್ಲ.